ಏನೂ ಅಂಟದೆ ಬಂದವನ ಲೆಕ್ಕ

ನನ್ನನ್ನು ಮತಾಂತರ ಮಾಡಲು ಅಲ್ಲಿ ಯಾರೂ ಪ್ರಯತ್ನಿಸಲಿಲ್ಲ. ಈ ಮಾತನ್ನು ಬೆಂಗಳೂರಿನ ಆಫೀಸುಗಳಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಸಾಗರಕ್ಕೆ ಹೋಗುವ ರಾತ್ರಿ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರ ಹತ್ತಿರ, ಎಲ್ಲ ಕಡೆ ಹೇಳಿದ್ದೇನೆ. ಎಲ್ಲಿ ಓದಿದ್ದು ಎಂದು ಕೇಳುತ್ತಾರೆ. ಮಂಗಳೂರು, ಸೇಂಟ್ ಅಲೋಶಿಯಸ್, ಬಿಸಿಎ ಎನ್ನುತ್ತೇನೆ. ‘ಓ, ಮಿಷನ್ ಕಾಲೇಜು! ಅಲ್ಲಿ ಅವರು...’ ಎಂದು ರಾಗ ಎಳೆಯುವ ಮೊದಲೇ ನನ್ನ ಉತ್ತರ ಸಿದ್ಧ. ಮೂರು ವರ್ಷ ಇದ್ದೆ ಸ್ವಾಮಿ, ಒಬ್ಬ ಫಾದರೂ ಕೈಗೊಂದು ಬೈಬಲ್ ಕೊಡಲಿಲ್ಲ, ಪ್ರೋಗ್ರಾಮಿಂಗ್ ಕಲಿಸಿ ಕಳಿಸಿದರು ಅಷ್ಟೆ. ಕೇಳಿದವರು ನಗುತ್ತಾರೆ, ನಾನೂ ನಗುತ್ತೇನೆ. ಹೀಗೆ ಹೇಳುವುದರಲ್ಲಿ ಎರಡು ಲಾಭ. ಓದಿದ ಕಾಲೇಜಿನ ಮಾನ ಕಾಪಾಡಿದ ಪುಣ್ಯ ಒಂದು. ಯಾವ ಗಾಳಿಗೂ ಅಲುಗದ ಗಟ್ಟಿ ಆಳು ಎಂದು ನನ್ನ ಬಗ್ಗೆ ನಾನೇ ಹಾಕಿಕೊಂಡ ಜಾಹೀರಾತು ಇನ್ನೊಂದು.

ಮಾತು ಸುಳ್ಳಲ್ಲ. ತೊಂದರೆ ಇರುವುದೇ ಅಲ್ಲಿ. ಸುಳ್ಳಾಗಿದ್ದರೆ ಎಂದೋ ಸಿಕ್ಕಿಬೀಳುತ್ತಿದ್ದೆ. ನಿಜವಾದ್ದರಿಂದ ಅದರ ಹಿಂದೆ ಇಷ್ಟು ವರ್ಷ ಆರಾಮವಾಗಿ ಅಡಗಿಕೊಂಡಿದ್ದೆ.

ನಾನು ಸೇರಿದ್ದು 2009ರಲ್ಲಿ. ಅದರ ಹಿಂದಿನ ಸೆಪ್ಟೆಂಬರಿನಲ್ಲಿ ಮಂಗಳೂರಿನಲ್ಲೂ ಸುತ್ತಮುತ್ತಲೂ ಚರ್ಚುಗಳ ಮೇಲೆ ದಾಳಿಗಳಾಗಿದ್ದವು. ಊರಲ್ಲಿ ಆ ಸುದ್ದಿ ಇನ್ನೂ ಹಳತಾಗಿರಲಿಲ್ಲ. ‘ಮಾಣಿ, ಕುತ್ತಿಗೆಗೆ ಶಿಲುಬೆ ಕಟ್ಗ್ಯಂಡು ಬರಡ ಮತ್ತೆ’ ಎಂದು ದೊಡ್ಡಪ್ಪ ನಗುತ್ತಲೇ ಹೇಳಿದರು. ಅಪ್ಪನ ಲೆಕ್ಕ ಬೇರೆ. ಮಿಷನ್ ಕಾಲೇಜಿನಲ್ಲಿ ಶಿಸ್ತು ಇರುತ್ತದೆ, ಕ್ಲಾಸು ತಪ್ಪುವುದಿಲ್ಲ, ಕೊನೆಯ ವರ್ಷ ಕಂಪನಿಗಳು ಬಂದು ಹುಡುಗರನ್ನು ಆರಿಸಿಕೊಂಡು ಹೋಗುತ್ತವೆ. ಅಡಿಕೆಗೆ ಕೊಳೆ ಬಂದ ವರ್ಷಗಳನ್ನು ಕಂಡ ಮನುಷ್ಯನಿಗೆ ತಿಂಗಳ ಸಂಬಳದ ಮುಂದೆ ಮತಾಂತರದ ಭಯ ದೊಡ್ಡದಾಗಿ ಕಾಣಲಿಲ್ಲ. ನನ್ನ ಲೆಕ್ಕವೂ ಅಪ್ಪನದ್ದೇ. ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಒಂದು ಗುಡ್ಡದ ಮೇಲೆ ಯಾಕೆ ಕಾಲೇಜು ಕಟ್ಟಿದರು ಎಂದು ಕೇಳಿಕೊಳ್ಳುವುದು ಆ ಲೆಕ್ಕದಲ್ಲಿ ಇರಲಿಲ್ಲ.

ಲೈಟ್‌ಹೌಸ್ ಹಿಲ್ ಹತ್ತಿದರೆ ಸಿಗುವ ಕಾಲೇಜಿನ ಚಾಪೆಲ್ಲನ್ನು ಪ್ರವಾಸಿಗರು ಹುಡುಕಿಕೊಂಡು ಬರುತ್ತಾರೆ. 1899ರಲ್ಲಿ ಮಂಗಳೂರಿಗೆ ಬಂದ ಆಂಟೋನಿಯೊ ಮೊಸ್ಕೇನಿ ಎಂಬ ಜೆಸ್ವಿಟ್ ಬ್ರದರ್ ಅದರ ಗೋಡೆ, ಕಮಾನು, ಮಾಡು ಯಾವುದನ್ನೂ ಬಿಡದೆ ಚಿತ್ರ ಬರೆದಿದ್ದಾನೆ. ಮೇಲೆ ಕತ್ತೆತ್ತಿ ನೋಡಿದರೆ ಅಲೋಶಿಯಸ್ ಗೊಂಜಾಗನ ಬದುಕು. ಸಿರಿವಂತ ಮನೆಯ ಹುಡುಗ ಎಲ್ಲ ಬಿಟ್ಟು ಜೆಸ್ವಿಟರನ್ನು ಸೇರಿ, 1591ರಲ್ಲಿ ರೋಮಿನಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಾ ತಾನೂ ಕಾಯಿಲೆ ಬಿದ್ದು ಸತ್ತ. ಆಗ ಅವನಿಗೆ 23 ವರ್ಷ. ಅವನ ಹೆಸರನ್ನು ಮೂರು ವರ್ಷ ಗುರುತಿನ ಚೀಟಿಯಲ್ಲಿ ಕೊರಳಿಗೆ ನೇತುಹಾಕಿಕೊಂಡು ಓಡಾಡಿದ ನಾನು ಈ ಕಥೆ ತಿಳಿದದ್ದು ಡಿಗ್ರಿ ಮುಗಿದ ಮೇಲೆ, ಊರಿಂದ ಬಂದ ನೆಂಟರಿಗೆ ಚಾಪೆಲ್ ತೋರಿಸಲು ಹೋದಾಗ. ಓದುವಾಗ ಒಳಗೆ ಹೋಗಿರಲಿಲ್ಲವೆಂದಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಆ ಗುಡ್ಡದ ಮೇಲೆ ತಂಪಾಗಿರುತ್ತಿದ್ದ ಜಾಗ ಅದು.

ಕ್ಯಾಥೊಲಿಕ್ ಹುಡುಗರಿಗೆ ಧರ್ಮಶಿಕ್ಷಣ, ಉಳಿದವರಿಗೆ ಮೌಲ್ಯಶಿಕ್ಷಣ ಎಂದು ಕ್ಲಾಸು ಎರಡಾಗುತ್ತಿತ್ತು. ಮೌಲ್ಯಶಿಕ್ಷಣದ ಅವಧಿಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಲ್ಯಾಬ್ ರೆಕಾರ್ಡ್ ಬರೆದು ಮುಗಿಸುತ್ತಿದ್ದೆ. ಮಾರ್ಕಿಲ್ಲದ ವಿಷಯಕ್ಕೆ ಇದಕ್ಕಿಂತ ಹೆಚ್ಚು ಗಮನ ಕೊಡುವುದು ನನ್ನ ಜಾಯಮಾನವಲ್ಲ. ಆಗ ನನ್ನ ತಲೆಯಲ್ಲಿ ಒಂದು ಸುಲಭದ ಗೀಟು ಇತ್ತು. ಗೀಟಿನ ಈ ಕಡೆ ಕಂಪ್ಯೂಟರ್. ಅದರಲ್ಲಿ ಪ್ರಶ್ನೆಗೆ ಉತ್ತರ ಉಂಟು, ಉತ್ತರ ಸರಿಯೋ ತಪ್ಪೋ ಎಂದು ಪರದೆಯೇ ಹೇಳುತ್ತದೆ. ಆ ಕಡೆ ಪ್ರಾರ್ಥನೆ, ಪೂಜೆ, ಇಗರ್ಜಿ, ನಮ್ಮ ಮನೆಯ ಜಾಗಟೆ. ಆ ಕಡೆಯದ್ದು ಹಿರಿಯರಿಗೆ, ಈ ಕಡೆಯದ್ದು ನನಗೆ. ಇದನ್ನು ನಾನು ವಿಚಾರವಾದ ಎಂದುಕೊಂಡಿದ್ದೆ.

ಈ ಗೀಟು ಅಳಿಸಿಹೋಗಬಹುದಾಗಿದ್ದ ಒಂದು ಸಂದರ್ಭ ಬಂದಿತ್ತು. ಸಿ ಲ್ಯಾಬಿನಲ್ಲಿ ಮೇಡಂ ಒಂದು ಪ್ರೋಗ್ರಾಮ್ ಕೊಟ್ಟರು: ಇಸವಿ ಕೊಟ್ಟರೆ ಆ ವರ್ಷದ ಈಸ್ಟರ್ ಯಾವ ದಿನ ಎಂದು ಹೇಳಬೇಕು. ನಿಯಮ ಕೇಳಲು ಸುಲಭ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಆದರೆ ಆ ಹುಣ್ಣಿಮೆ ಆಕಾಶ ನೋಡಿ ಹೇಳುವುದಲ್ಲ, ಲೆಕ್ಕ ಹಾಕಿ ಹೇಳುವುದು. ಇಸವಿಯನ್ನು 19ರಿಂದ ಭಾಗಿಸಿ ಶೇಷ ಹಿಡಿಯಬೇಕು, ಶತಮಾನಕ್ಕೆ ತಿದ್ದುಪಡಿ ಹಾಕಬೇಕು, ಅಧಿಕ ವರ್ಷಗಳ ಹಿಸಾಬು ಸೇರಿಸಬೇಕು. ಟರ್ಬೊ ಸಿಯ ನೀಲಿ ಪರದೆಯ ಮೇಲೆ ನಾನು ಬೋರ್ಡಿನಲ್ಲಿದ್ದ ಸೂತ್ರಗಳನ್ನು ಒಂದೊಂದಾಗಿ ಇಳಿಸಿದೆ. 2008 ಕೊಟ್ಟರೆ ಮಾರ್ಚ್ 23 ಬಂತು, 2011 ಕೊಟ್ಟರೆ ಏಪ್ರಿಲ್ 24. ಎರಡೂ ಸರಿ. ಸಹಿ ಸಿಕ್ಕಿತು. 19 ಯಾಕೆ ಎಂದು ನಾನು ಕೇಳಲಿಲ್ಲ. ಒಂದೇ ಹಬ್ಬ ಮೂರು ವರ್ಷದ ಅಂತರದಲ್ಲಿ ತಿಂಗಳಿಗೂ ಹೆಚ್ಚು ಜರುಗಿತಲ್ಲ ಎಂಬ ಸೋಜಿಗವೂ ಆಗಲಿಲ್ಲ.

ಕೇಳಿದ್ದು ಅಜ್ಜ. ರಜೆಯಲ್ಲಿ ಮನೆಗೆ ಹೋದಾಗ, ಕಂಪ್ಯೂಟರ್ ಓದುವುದು ಅಂದರೆ ಏನು ಎಂದು ವಿಚಾರಿಸಿದ ಅವರಿಗೆ ತೋರಿಸಲು ಇದೊಂದು ಚೆನ್ನಾಗಿದೆ ಎಂದು ಲ್ಯಾಪ್‌ಟಾಪ್ ತೆರೆದೆ. ಜಗಲಿಯಲ್ಲಿ ಪಂಚಾಂಗ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಎರಡೂ ದಿನಾಂಕ ನೋಡಿ, ‘ಯಾವ ಹುಣ್ಣಿಮೆ ಇದು, ಫಾಲ್ಗುಣದ್ದೊ ಚೈತ್ರದ್ದೊ?’ ಎಂದರು. ನನ್ನ ಪ್ರೋಗ್ರಾಮಿನಲ್ಲಿ ಆ ಹೆಸರುಗಳಿರಲಿಲ್ಲ. ಅವರೇ ಹಳೆಯ ಪಂಚಾಂಗಗಳ ಕಟ್ಟು ತರಿಸಿ ನೋಡಿದರು. 2008ರಲ್ಲಿ ಕ್ರೈಸ್ತರ ಹಬ್ಬ ಬಿದ್ದದ್ದು ಫಾಲ್ಗುಣದ ಹುಣ್ಣಿಮೆಯ ಬೆನ್ನಿಗೆ, ಯುಗಾದಿಗೂ ಮುಂಚೆ. 2011ರದ್ದು ಚೈತ್ರದ ಹುಣ್ಣಿಮೆಯ ಬೆನ್ನಿಗೆ, ಯುಗಾದಿ ಕಳೆದು ಇಪ್ಪತ್ತು ದಿನಕ್ಕೆ. ಅಲ್ಲಿಗೆ ಅವರಿಗೆ ಗುಟ್ಟು ಗೊತ್ತಾಯಿತು. ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕೆ ಸುಮಾರು ಹನ್ನೊಂದು ದಿನ ಸಾಲದು. ನಾವು ಅಧಿಕ ಮಾಸ ಹಾಕಿ ಸರಿ ಮಾಡುತ್ತೇವೆ, ಸುಮಾರು 19 ವರ್ಷಕ್ಕೆ 7 ಅಧಿಕ ಮಾಸ. ಅವರೂ ಅದೇ ಹತ್ತೊಂಬತ್ತನ್ನು ಹಿಡಿದಿದ್ದಾರೆ, ಹೆಚ್ಚಿನ ತಿಂಗಳನ್ನು ಸೇರಿಸುವ ಜಾಗ ಮಾತ್ರ ಬೇರೆ. ‘ಹಂಗಾರೆ ಅವ್ರೂ ಲೆಕ್ಕದವ್ರೇ’ ಎಂದು ಅಜ್ಜ ಬಹಳ ಹೊತ್ತು ಖುಷಿಯಲ್ಲಿದ್ದರು. ಆ ಮೂರು ವರ್ಷಗಳಲ್ಲಿ ಈಸ್ಟರ್ ಹಬ್ಬದ ಬಗ್ಗೆ ನಮ್ಮ ಕುಟುಂಬದಲ್ಲಿ ಯಾರಿಗಾದರೂ ನಿಜವಾದ ಕುತೂಹಲ ಹುಟ್ಟಿದ್ದರೆ ಅದು ದಿನಾ ಮೂರು ಹೊತ್ತು ಸಂಧ್ಯಾವಂದನೆ ಮಾಡುವ ಆ ಮನುಷ್ಯನಿಗೆ. ಹುಟ್ಟದೆ ಇದ್ದದ್ದು, ಆ ಲೆಕ್ಕವನ್ನು ಸ್ವತಃ ಬರೆದ ನನಗೆ.

ಡೊನಾಲ್ಡ್ ಕ್ನೂತ್ ತನ್ನ ಪ್ರೋಗ್ರಾಮಿಂಗ್ ಮಹಾಗ್ರಂಥದ ಮೊದಲ ಸಂಪುಟದಲ್ಲೇ ಈಸ್ಟರಿನ ಲೆಕ್ಕವನ್ನು ಅಭ್ಯಾಸಕ್ಕೆ ಕೊಟ್ಟಿದ್ದಾನೆ. 1968ರಲ್ಲಿ ಬಂದ ಪುಸ್ತಕ ಅದು. ಮಧ್ಯಯುಗದ ಯುರೋಪಿನಲ್ಲಿ ಗಣಿತಕ್ಕಿದ್ದ ಮುಖ್ಯ ಉಪಯೋಗವೇ ಇದಾಗಿತ್ತೆಂದು ತೋರುತ್ತದೆ ಎಂಬ ಅರ್ಥದ ಟಿಪ್ಪಣಿಯೂ ಅಲ್ಲಿದೆ. 1582ರಲ್ಲಿ ಕ್ಯಾಲೆಂಡರ್ ತಿದ್ದಿದಾಗ ಆ ಗಣಿತವನ್ನು ವಿವರಿಸಿ ಸಮರ್ಥಿಸಿದ ಕ್ಲಾವಿಯಸ್ ಜೆಸ್ವಿಟ್ ಪಾದ್ರಿ. ಕ್ನೂತ್ ಲೂಥರನ್ ಭಕ್ತ. ಬೈಬಲಿನ ಬಹುತೇಕ ಎಲ್ಲ ಪುಸ್ತಕಗಳಿಂದ ಮೂರನೇ ಅಧ್ಯಾಯದ ಹದಿನಾರನೇ ವಾಕ್ಯವನ್ನು ಮಾತ್ರ ಎತ್ತಿಕೊಂಡು, ಇಡೀ ಗ್ರಂಥದ ಸ್ಯಾಂಪಲ್ ನೋಡುವ ಸಂಖ್ಯಾಶಾಸ್ತ್ರದ ಹಾಗೆ ಅಧ್ಯಯನ ಮಾಡಿ ಪುಸ್ತಕ ಬರೆದವನು. ನನ್ನ ಗೀಟಿನ ಎರಡೂ ಕಡೆ ಒಂದೊಂದು ಕಾಲಿಟ್ಟು ಇಷ್ಟು ಜನ ನಿಂತಿದ್ದರು, ನಾನು ಮಾತ್ರ ಅವರ ಕಾಲು ತುಳಿಯದ ಹಾಗೆ ಜಾಣತನದಿಂದ ದಾಟಿ ಬಂದಿದ್ದೆ.

ಸಂದೇಹ ಪಡುವವನಿಗೂ ಉದಾಸೀನನಿಗೂ ಇರುವ ಅಂತರ ನನಗೆ ಹೊಳೆದದ್ದು ಬಹಳ ತಡವಾಗಿ. ಸಂದೇಹಿ ಕೇಳುತ್ತಾನೆ, ಓದುತ್ತಾನೆ, ಜಗಳಕ್ಕಾದರೂ ಬರುತ್ತಾನೆ. ನಾನು ಎಂದೂ ಜಗಳಕ್ಕೆ ಹೋದವನಲ್ಲ. ದೇವರಿಲ್ಲ ಎಂದು ವಾದಿಸಲು ಕೂಡ ಆ ವಿಷಯಕ್ಕೆ ಒಂದು ಸಂಜೆ ಕೊಡಬೇಕಲ್ಲ, ಅಷ್ಟನ್ನೂ ಕೊಡಲಿಲ್ಲ.

ಈಗ ನನ್ನ ಕೆಲಸ ಹುಡುಕಾಟದ್ದು. ಜನ ಒಂದು ಪದ ಟೈಪ್ ಮಾಡಿದರೆ ರಾಶಿ ರಾಶಿ ಕಡತಗಳೊಳಗೆ ಅದು ಎಲ್ಲೆಲ್ಲಿದೆ ಎಂದು ಹೆಕ್ಕಿ ಕೊಡುವ ಇಂಡೆಕ್ಸ್ ಕಟ್ಟುವುದು. ಈ ಕಸುಬಿನ ಪೂರ್ವಜರ ಬಗ್ಗೆ ಒಮ್ಮೆ ಆಫೀಸಿನಲ್ಲಿ ಮಾತಾಡಬೇಕಾಗಿ ಬಂದು ಓದುತ್ತಾ ಹೋದಾಗ ಎದುರಾದವನು ರಾಬರ್ಟೊ ಬೂಸಾ, ಇಟಲಿಯ ಜೆಸ್ವಿಟ್ ಪಾದ್ರಿ. ಥಾಮಸ್ ಅಕ್ವೀನಾಸನ ಬರಹದಲ್ಲಿ ‘ಇರವು’ ಎಂಬ ಕಲ್ಪನೆಯ ಬಗ್ಗೆ ಸಂಶೋಧನೆಗೆ ಹೊರಟವನಿಗೆ, ದೊಡ್ಡ ದೊಡ್ಡ ಪದಗಳಿಗಿಂತ ‘ಒಳಗೆ’ ಎಂಬಂಥ ಪುಟ್ಟ ಪದದ ಬಳಕೆಯನ್ನು ಹಿಡಿದು ಹೋಗಬೇಕು ಎಂದು ತೋರಿತು. ಅದಕ್ಕಾಗಿ ಕೈಯಲ್ಲೇ ಹತ್ತು ಸಾವಿರ ಚೀಟಿ ಬರೆದ. ಆಮೇಲೆ, ಯಂತ್ರದಿಂದ ಆಗುತ್ತದೆಯೇ ನೋಡೋಣ ಎಂದು 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಮ್ ಮುಖ್ಯಸ್ಥ ಥಾಮಸ್ ವಾಟ್ಸನ್‌ನನ್ನು ಕಂಡ. ಒಪ್ಪಿಸಿಯೂ ಬಿಟ್ಟ. ತೂತು ಹೊಡೆದ ಕಾರ್ಡುಗಳಿಂದ ಶುರುವಾದ ಕೆಲಸ ಟೇಪುಗಳನ್ನು ದಾಟಿ ಮುಗಿಯುವಾಗ ಸುಮಾರು ಮೂವತ್ತು ವರ್ಷ ಕಳೆದಿತ್ತು. ಒಂದು ಕೋಟಿಗೂ ಹೆಚ್ಚು ಪದಗಳ ಸೂಚಿ, 56 ಸಂಪುಟ. ಕಾರ್ಡುಗಳಿಗೆ ತೂತು ಹೊಡೆದವರು ಗಲ್ಲರಾತೆ ಊರಿನಲ್ಲಿ ತರಬೇತಿ ಪಡೆದ ಯುವತಿಯರು. ಬೂಸಾನ ಹೆಸರು ಉಳಿಯಿತು, ಅವರ ಹೆಸರುಗಳನ್ನು ಇತ್ತೀಚೆಗೆ ಸಂಶೋಧಕರು ಹುಡುಕಿ ತೆಗೆಯಬೇಕಾಯಿತು. ಧರ್ಮದ ಸಂಸ್ಥೆಯಾದರೂ ಈ ವಿಷಯದಲ್ಲಿ ಐಟಿ ಕಂಪನಿಗಿಂತ ಭಿನ್ನವೇನಲ್ಲ.

ಅಂದರೆ ನನಗೆ ಅನ್ನ ಕೊಡುತ್ತಿರುವ ವಿದ್ಯೆಯ ಒಂದು ಬೇರು, ನಾನು ‘ಏನೂ ಅಂಟಿಸಿಕೊಳ್ಳದೆ ಬಂದೆ’ ಎಂದು ಹೇಳಿಕೊಳ್ಳುವ ಪಾದ್ರಿಗಳ ಸಂಘದಲ್ಲೇ ಇತ್ತು. ಇದನ್ನು ಕಾಲೇಜಿನಲ್ಲಿ ಯಾರಾದರೂ ಹೇಳಿದ್ದರೂ ಹೇಳಿರಬಹುದು. ಹೇಳಿದ್ದರೆ ಅದು ಮೌಲ್ಯಶಿಕ್ಷಣದ ಅವಧಿಯಲ್ಲೇ ಇರಬೇಕು.

2025ರಲ್ಲಿ ಹೊಸ ಪೋಪ್ ಬಂದಾಗ ನಮ್ಮ ಆಫೀಸಿನಲ್ಲೂ ಎರಡು ದಿನ ಅದೇ ಮಾತು. ಗಣಿತದಲ್ಲಿ ಪದವಿ ಪಡೆದವರಂತೆ. 1891ರಲ್ಲಿ ಕಾರ್ಮಿಕರ ಪರವಾಗಿ ಪತ್ರ ಬರೆದ 13ನೇ ಲಿಯೋ ನೆನಪಿಗೆ ಆ ಹೆಸರು ಇಟ್ಟುಕೊಂಡೆ, ಈಗ ಕೃತಕ ಬುದ್ಧಿಮತ್ತೆ ಇನ್ನೊಂದು ಕೈಗಾರಿಕಾ ಕ್ರಾಂತಿ ತರುತ್ತಿದೆ ಎಂಬರ್ಥದಲ್ಲಿ ಹೇಳಿದರಂತೆ. ಇವರಿಗ್ಯಾಕಪ್ಪ ಈ ಉಸಾಬರಿ ಎಂದು ಸಹೋದ್ಯೋಗಿಗಳು ಆಶ್ಚರ್ಯಪಟ್ಟರು. ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ ಬೂಸಾ, ಕ್ಲಾವಿಯಸ್ ಎಂದು ಉಪನ್ಯಾಸ ಬಿಗಿದೆ. ನನ್ನ ಈ ವಿದ್ವತ್ತು ಎಷ್ಟು ಹೊಸತು ಎಂದು ಅವರಿಗೆ ತಿಳಿಸುವ ಅಗತ್ಯ ಕಾಣಲಿಲ್ಲ.

ಇನ್ನು ಆ ‘ಯಾರೂ ಪ್ರಯತ್ನಿಸಲಿಲ್ಲ’ ಎಂಬ ಮಾತು. ಅದರ ರುಚಿ ಕೆಟ್ಟದ್ದು ಬೆಳ್ತಂಗಡಿ ಕಡೆಯ ನನ್ನ ಕ್ಯಾಥೊಲಿಕ್ ಗೆಳೆಯನಿಂದ. ಬಿಸಿಎ ಮೂರೂ ವರ್ಷ ಒಂದೇ ಬೆಂಚು, ಈಗ ಬೆಂಗಳೂರಿನಲ್ಲಿ ಒಂದೇ ಬಡಾವಣೆ. ಕ್ರಿಸ್ಮಸ್ಸಿಗೆ ಅವನ ಮನೆಯಿಂದ ಕುಸ್ವಾರ್ ತಿಂಡಿ ಬರುತ್ತದೆ, ದೀಪಾವಳಿಗೆ ನಮ್ಮ ಮನೆಯಿಂದ ಹೋಳಿಗೆ ಹೋಗುತ್ತದೆ. ಎಲ್ಲರೂ ಹೇಳಿಕೊಳ್ಳುವ ಸೌಹಾರ್ದದ ಚಿತ್ರ ಅದು, ನಮ್ಮಲ್ಲೂ ಇದೆ, ಬಿಡಿ. 2022ರಲ್ಲಿ ರಾಜ್ಯದಲ್ಲಿ ಮತಾಂತರ ಕಾಯ್ದೆ ಬಂದ ಹೊತ್ತಿನಲ್ಲಿ ಒಂದು ಸಂಜೆ ಹತ್ತಾರು ಜನ ಸೇರಿದ್ದೆವು. ಮಾತು ಅತ್ತ ಹೊರಳಿತು. ನಾನು ಗೆಳೆಯನ ಪರವಾಗಿ ಎಂದುಕೊಂಡೇ ನನ್ನ ಮಾಮೂಲಿ ಕಥೆ ತೆಗೆದೆ. ಮೂರು ವರ್ಷ ಇದ್ದೆ, ಬೈಬಲ್ ಕೂಡ ಕೊಡಲಿಲ್ಲ, ಅವರು ಅಂಥವರಲ್ಲ. ಎಲ್ಲರೂ ತಲೆ ಆಡಿಸಿದರು. ಹೊರಗೆ ಬಂದ ಮೇಲೆ ಬೈಕಿನ ಹತ್ತಿರ ನಿಂತು ಅವನು ಕೇಳಿದ, ‘ನೀನು ಕೊಡುವ ಸರ್ಟಿಫಿಕೇಟಿಗೆ ಎಕ್ಸ್‌ಪೈರಿ ಡೇಟ್ ಉಂಟಾ ಮಾರಾಯ?’

ತಮಾಷೆಯಾಗಿಯೇ ಕೇಳಿದ. ಆಮೇಲೆ ಅಡುಗೆ ಗ್ಯಾಸಿನ ರೇಟಿನ ಬಗ್ಗೆಯೋ ಏನೋ ಮಾತಾಡಿ ಹೊರಟೂ ಹೋದ. ಆದರೆ ಆ ಪ್ರಶ್ನೆಯ ಜೊತೆ ಕೂತು ನೋಡಿದರೆ ನನ್ನ ಕಥೆಯ ಒಳಗಿನ ಏರ್ಪಾಡು ಕಾಣತೊಡಗಿತು. ಅದರಲ್ಲಿ ಅವನ ಜನ ಕಟಕಟೆಯಲ್ಲಿದ್ದಾರೆ, ನಾನು ಒಳ್ಳೆಯ ಸಾಕ್ಷಿ. ಸಾಕ್ಷಿ ಎಷ್ಟೇ ಒಳ್ಳೆಯವನಾಗಿರಲಿ, ಅವರು ಕಟಕಟೆಯಲ್ಲಿ ಇರಬೇಕಾದ್ದೇ ಸರಿ ಎಂಬುದನ್ನು ಮೊದಲು ಒಪ್ಪಿಕೊಂಡೇ ಬಾಯಿ ತೆರೆಯುತ್ತಾನೆ. ನಮ್ಮ ಮಠದ ಶಾಲೆಯಲ್ಲಿ ಓದಿದ ಕ್ರೈಸ್ತ ಹುಡುಗನೊಬ್ಬನಿಗೆ ‘ಅಲ್ಲಿ ನಿನ್ನನ್ನು ಏನೂ ಮಾಡಲಿಲ್ಲವಾ’ ಎಂದು ಯಾರಾದರೂ ಕೇಳಿದ್ದನ್ನು ನಾನು ಕೇಳಿಲ್ಲ. ಅವನು ನಮ್ಮ ಬಗ್ಗೆ ಪ್ರಮಾಣಪತ್ರ ಹಿಡಿದು ತಿರುಗುವುದೂ ಬೇಕಾಗಿಲ್ಲ. ಇನ್ನೊಂದು ವಿಷಯ. ಒಬ್ಬ ಫಾದರ್ ಅಂದು ನನ್ನನ್ನು ಕರೆದು, ನಾನು ನಂಬುವುದು ಇದು, ನಿನಗೇನನ್ನಿಸುತ್ತದೆ ಎಂದು ಕೇಳಿದ್ದರೆ ಅದರಲ್ಲಿ ಅಪರಾಧವೇನಿತ್ತು? ಹದಿನೆಂಟು ತುಂಬಿದವನಿಗೆ ಒಂದು ಪ್ರಶ್ನೆಯನ್ನು ತಾಳಿಕೊಳ್ಳುವ ಶಕ್ತಿ ಇರಲಿಲ್ಲವೆ? ಕೇಳದೆ ಇದ್ದದ್ದನ್ನು ಅವರ ದೊಡ್ಡತನ ಎಂದು ಹೊಗಳುತ್ತಾ ಬಂದಿದ್ದೆ. ಕೇಳಲು ಹೆದರುವ ಕಾಲ ಬಂದಿತ್ತು ಎಂಬುದನ್ನು, 2008ರ ದಾಳಿಗಳ ಮರುವರ್ಷವೇ ಆ ಗುಡ್ಡ ಹತ್ತಿದ ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಇದನ್ನೆಲ್ಲ ಬರೆಯಲು ನನಗೆ ಸಿಕ್ಕಿದ ವಿಧಾನವೂ ಅವರದ್ದೇ ಎನ್ನುವುದು ತಮಾಷೆ. ಜೆಸ್ವಿಟ್ ಸಂಘ ಕಟ್ಟಿದ ಲೊಯೋಲಾದ ಇಗ್ನೇಷಿಯಸ್ ಮೊದಲು ಸೈನಿಕ, 1521ರಲ್ಲಿ ಪಾಂಪ್ಲೋನಾದಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡವನು. ಅವನ ಧ್ಯಾನದ ಕೈಪಿಡಿ 1548ರಲ್ಲಿ ಅಚ್ಚಾಯಿತು. ಅದರಲ್ಲಿ ಆತ್ಮಶೋಧನೆಗೆ ಒಂದು ಕ್ರಮವಿದೆ. ನಿನ್ನ ಒಂದೇ ಒಂದು ದೋಷವನ್ನು ಆರಿಸಿಕೋ. ದಿನಕ್ಕೆ ಎರಡು ಗೀಟಿನಂತೆ ವಾರಕ್ಕೆ ಗೀಟು ಎಳೆ. ಮಧ್ಯಾಹ್ನ ಉಂಡ ಮೇಲೆ, ಎದ್ದ ಹೊತ್ತಿನಿಂದ ಗಂಟೆ ಗಂಟೆಯನ್ನೂ ನೆನೆದು, ಎಷ್ಟು ಸಲ ಜಾರಿದೆಯೋ ಅಷ್ಟು ಚುಕ್ಕಿ ಮೊದಲ ಗೀಟಿನ ಮೇಲೆ. ರಾತ್ರಿ ಎರಡನೆಯದರ ಮೇಲೆ. ಜಾರಿದ ಆ ಕ್ಷಣದಲ್ಲೇ ಎದೆಯ ಮೇಲೆ ಕೈಯಿಡು, ನಾಲ್ಕು ಜನರ ನಡುವೆ ಇದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಗೀಟಿಗೆ ಗೀಟು, ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸು. ಇದನ್ನು ಓದಿ ನನಗೆ ನಗು ಬಂತು, ಯಾಕೆಂದರೆ ಇದು ಲಾಗ್ ಫೈಲ್. ಸಮಯದ ಗುರುತು, ಘಟನೆಯ ಎಣಿಕೆ, ಹಿಂದಿನದರ ಜೊತೆ ಹೋಲಿಕೆ. ಸರ್ವರ್‌ಗಳಿಗೆ ನಾನು ಮಾಡುವುದು ಇದನ್ನೇ.

ಒಂದು ವ್ಯತ್ಯಾಸ ಬಿಟ್ಟು. ನಮ್ಮಲ್ಲಿ ಸರ್ವಿಸ್ ಬಿದ್ದುಹೋದರೆ ಮರುದಿನ ಪೋಸ್ಟ್‌ಮಾರ್ಟಂ ಸಭೆ ಮಾಡುತ್ತೇವೆ. ಅದರ ಮೊದಲ ನಿಯಮ, ಯಾವ ವ್ಯಕ್ತಿಯನ್ನೂ ದೂರಬಾರದು. ತಪ್ಪು ಮಾಡಿದವನು ಯಾರು ಎನ್ನುವ ಬದಲು, ತಪ್ಪಾಗಲು ವ್ಯವಸ್ಥೆ ಯಾಕೆ ಬಿಟ್ಟುಕೊಟ್ಟಿತು ಎಂದು ಕೇಳಬೇಕು. ಒಳ್ಳೆಯ ನಿಯಮ, ಅದಿಲ್ಲದಿದ್ದರೆ ಜನ ಹೆದರಿ ಮುಚ್ಚಿಡುತ್ತಾರೆ. ಆದರೆ ಈ ನಿಯಮವನ್ನು ನಾನು ಸದ್ದಿಲ್ಲದೆ ಮನೆಗೂ ತಂದುಕೊಂಡಿದ್ದೇನೆ. ಅಜ್ಜನ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ್ದಕ್ಕೆ ಸಿಲೆಬಸ್ ಕಾರಣ, ಮೌಲ್ಯಶಿಕ್ಷಣ ಕೇಳದ್ದಕ್ಕೆ ಮಾರ್ಕಿಲ್ಲದ ಪದ್ಧತಿ ಕಾರಣ, ಗೆಳೆಯನಿಗೆ ಸರ್ಟಿಫಿಕೇಟ್ ಕೊಟ್ಟದ್ದಕ್ಕೆ ಕಾಲವೇ ಹಾಗಿತ್ತು. ಹದಿನೈದು ವರ್ಷದ ಬದುಕಿನಲ್ಲಿ ವ್ಯವಸ್ಥೆಗಳೇ ತುಂಬಿವೆ, ಆಳು ಒಬ್ಬನೂ ಇಲ್ಲ. ಇಗ್ನೇಷಿಯಸನ ಗೀಟಿನ ಮೇಲೆ ವ್ಯವಸ್ಥೆಗೆ ಜಾಗ ಇಲ್ಲ, ಅಲ್ಲಿ ಚುಕ್ಕಿ ಇಡುವವನ ಲೆಕ್ಕ ಮಾತ್ರ. ಪೂರ್ತಿ ಸತ್ಯ ಅದೂ ಅಲ್ಲ ಎಂದು ನನಗೆ ಗೊತ್ತು. 2008ರ ಕಲ್ಲುಗಳನ್ನು ಒಬ್ಬೊಬ್ಬನ ಚುಕ್ಕಿಯಲ್ಲಿ ಎಣಿಸಿ ಮುಗಿಸಲಾಗುವುದಿಲ್ಲ. ಆದರೂ ನನ್ನ ಖಾತೆ ಅಷ್ಟೊಂದು ಸ್ವಚ್ಛವಾಗಿರುವುದು ನನಗೇ ಅನುಮಾನ ತರುತ್ತದೆ.

2024ರಲ್ಲಿ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಹಳೆಯ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಒಂದು ದಿನವಿಡೀ ಚಪ್ಪಾಳೆ. ಆ ನೆಪದಲ್ಲಿ ಗೆಳೆಯನನ್ನು ಕಂಡಾಗ ಹೇಳಿದೆ, ನಾನೂ ರಾತ್ರಿ ಆ ಆತ್ಮಶೋಧನೆ ಮಾಡಿ ನೋಡುತ್ತಿದ್ದೇನೆ ಎಂದು. ಅದರ ದಿನದ ರೂಪದಲ್ಲಿ ಐದು ಹಂತ. ಮೊದಲು ಕೃತಜ್ಞತೆ, ಆಮೇಲೆ ಬೆಳಕು ಬೇಡುವುದು, ಆಮೇಲೆ ದಿನವನ್ನು ಶೋಧಿಸುವುದು, ಕ್ಷಮೆ, ನಾಳೆಯ ಸಂಕಲ್ಪ. ನನಗೆ ದೇವರಿಲ್ಲದ್ದರಿಂದ ಮೊದಲೆರಡನ್ನು ಬಿಟ್ಟು ಮೂರರಿಂದ ಶುರು ಮಾಡುತ್ತೇನೆ ಎಂದೆ.

‘ಮತ್ತೆ ಉಳಿಯುವುದು ನಿಮ್ಮ ಆಫೀಸಿನ ಪೋಸ್ಟ್‌ಮಾರ್ಟಮ್ಮೇ ಅಲ್ವಾ?’ ಎಂದ.

ಹಾಗಲ್ಲ, ಕೃತಜ್ಞತೆಯನ್ನು ಮನುಷ್ಯರಿಗೂ ಹೇಳಬಹುದು, ಕಣ್ಣು ಮುಚ್ಚಿ ಅವರನ್ನೇ ನೆನೆಯುತ್ತೇನೆ ಎಂದು ತಿದ್ದಿಕೊಂಡೆ.

‘ಮನುಷ್ಯರಿಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಕಣ್ಣು ಯಾಕೆ ಮುಚ್ಬೇಕು ಮಾರಾಯ? ಫೋನ್ ಮಾಡಿದ್ರೆ ಆಯ್ತಪ್ಪ.’

ಅಜ್ಜ ಈಗ ಇಲ್ಲ. ಸಿ ಲ್ಯಾಬಿನ ಮೇಡಂ ನಂಬರನ್ನು ಗುಂಪಿನಲ್ಲೇ ಕೇಳಿ ಪಡೆದು ಮರುದಿನ ಫೋನ್ ಮಾಡಿದೆ. ಈಸ್ಟರ್ ಪ್ರೋಗ್ರಾಮ್ ಕೊಟ್ಟದ್ದು ಅವರಿಗೆ ನೆನಪಿರಲಿಲ್ಲ, ನನ್ನ ಮುಖವೂ ನೆನಪಾಗಲಿಲ್ಲ ಎಂದು ಕಾಣುತ್ತದೆ. ಹತ್ತೊಂಬತ್ತರ ಬಗ್ಗೆ ಒಂದೆರಡು ಮಾತು ಹೇಳಿದೆ, ‘ಓ ಹೌದಾ’ ಎಂದು ಸೌಜನ್ಯಕ್ಕೆ ಕೇಳಿಸಿಕೊಂಡರು. ನಾನು ಥ್ಯಾಂಕ್ಸ್ ಎಂದು ಮುಗಿಸುವಷ್ಟರಲ್ಲಿ ಅವರೇ ಕೇಳಿದರು, ‘ನಿಮ್ಮ ಕಂಪನಿಯಲ್ಲಿ ಈಗ ಫ್ರೆಶರ್ಸ್ ತಗೊಳ್ತಾರಾ? ಇಬ್ಬರು ಒಳ್ಳೆ ಮಕ್ಕಳಿದ್ದಾರೆ, ರೆಸ್ಯೂಮೆ ಕಳಿಸ್ಲಾ?’